ಟೆಸ್ಟ್ ಪಾಸಾಯ್ತು, ಕೆಲಸ ಆಗುತ್ತಾ?

ಈ ಸಲ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಕ್ಯೂಎ ಮತ್ತು ಯುಎಟಿ ಸುತ್ತವೇ ಇವೆ. ಕ್ಯೂಎ ಅಂದರೆ ಕ್ವಾಲಿಟಿ ಅಶ್ಯೂರೆನ್ಸ್. ಯುಎಟಿ ಅಂದರೆ ಯೂಸರ್ ಅಕ್ಸೆಪ್ಟೆನ್ಸ್ ಟೆಸ್ಟಿಂಗ್, ಸಾಫ್ಟ್‌ವೇರನ್ನು ದಿನಾ ಬಳಸಬೇಕಾದವರೇ ಕೂತು ನೋಡಿ ಒಪ್ಪಿಕೊಳ್ಳುವ ಪರೀಕ್ಷೆ. ನಾನು ಮೊದಲು ಕ್ಯೂಎ ತಂಡದಲ್ಲಿದ್ದೆ. ಆಮೇಲೆ ವರ್ಷಗಟ್ಟಲೆ ಬಳಕೆದಾರರ ಪಕ್ಕ ಕೂತು ಯುಎಟಿ ನಡೆಸಿಕೊಟ್ಟೆ. ಹಾಗಾಗಿ ಈ ವಿಷಯದಲ್ಲಿ ನನ್ನ ಅಭಿಪ್ರಾಯಗಳು ಸ್ವಲ್ಪ ಗಟ್ಟಿಯಾಗೇ ಇವೆ. ಒಂದೇ ತರಹದ ಪ್ರಶ್ನೆಗಳನ್ನು ಸೇರಿಸಿ, ಮೊಟಕು ಮಾಡಿ ಕೊಟ್ಟಿದ್ದೇನೆ.

ಪ್ರಶ್ನೆ: ನಾನು ಅಕೌಂಟ್ಸ್ ವಿಭಾಗದಲ್ಲಿದ್ದೇನೆ. ನಮಗೆ ಹೊಸ ಸಾಫ್ಟ್‌ವೇರ್ ಬರುತ್ತಿದೆ. ಕ್ಯೂಎ ತಂಡದವರು ಎಲ್ಲಾ ಟೆಸ್ಟ್ ಕೇಸ್ ಪಾಸ್ ಆಗಿವೆ ಎಂದು ವರದಿ ಕೊಟ್ಟಿದ್ದಾರೆ. ಈಗ ನಮ್ಮನ್ನು ಯುಎಟಿಗೆ ಕೂರಿಸುತ್ತಾರಂತೆ. ಅವರು ನೋಡಿ ಮುಗಿಸಿದ್ದನ್ನು ನಾವು ಮತ್ತೆ ಯಾಕೆ ನೋಡಬೇಕು? ನಮಗೆ ಟೆಸ್ಟಿಂಗ್ ಗೊತ್ತೂ ಇಲ್ಲ.

ಅವರು ನೋಡಿದ್ದನ್ನೇ ಮತ್ತೆ ನೋಡಿದರೆ ನಿಮ್ಮ ಸಮಯ ದಂಡ. ಅದಕ್ಕೇ ಮೊದಲು ಅವರು ಏನು ನೋಡಿರುತ್ತಾರೆ ಅಂತ ತಿಳಿದುಕೊಳ್ಳಿ.

ಟೆಸ್ಟರ್ ಮುಂದೆ ಒಂದು ರಿಕ್ವೈರ್‌ಮೆಂಟ್ ಡಾಕ್ಯುಮೆಂಟ್, ಅಂದರೆ ಸಾಫ್ಟ್‌ವೇರ್ ಏನೇನು ಮಾಡಬೇಕು ಎಂದು ಬರೆದಿಟ್ಟ ದಾಖಲೆ ಇರುತ್ತದೆ. ರಿಯಾಯಿತಿ ಶೇ. 1ರಿಂದ 100ರ ಒಳಗಿರಬೇಕು ಎಂದು ಅದರಲ್ಲಿ ಬರೆದಿದ್ದರೆ ಅವರು 0, 1, 100, 101 ಎಲ್ಲವನ್ನೂ ಹಾಕಿ ನೋಡುತ್ತಾರೆ. ಯಾಕೆಂದರೆ ತಪ್ಪುಗಳು ಅಂಚಿನಲ್ಲೇ ಜಾಸ್ತಿ. ಖಾಲಿ ಬಿಟ್ಟು ನೋಡುತ್ತಾರೆ, ಅಂಕಿಯ ಜಾಗದಲ್ಲಿ ಅಕ್ಷರ ಹಾಕಿ ನೋಡುತ್ತಾರೆ. ಗುಮಾಸ್ತರ ಲಾಗಿನ್‌ನಲ್ಲಿದ್ದುಕೊಂಡು ಮ್ಯಾನೇಜರ್ ಪುಟದ ವಿಳಾಸ ಟೈಪ್ ಮಾಡಿದರೆ ಬಾಗಿಲು ತೆರೆಯುತ್ತಾ ಎಂದು ನೋಡುತ್ತಾರೆ. ನೂರಾರು ಜನ ಒಟ್ಟಿಗೆ ಬಂದರೆ ಸರ್ವರ್ ತಡೆದುಕೊಳ್ಳುತ್ತಾ ಎಂದು ನೋಡುತ್ತಾರೆ. ಇವತ್ತು ಮಾಡಿದ ಬದಲಾವಣೆಯಿಂದ ನಿನ್ನೆ ಸರಿಯಿದ್ದದ್ದು ಕೆಟ್ಟಿತಾ ಎಂದು ಹಳೆಯ ಟೆಸ್ಟ್‌ಗಳನ್ನು ಮತ್ತೆ ಓಡಿಸುತ್ತಾರೆ. ಇದೇ ರಿಗ್ರೆಷನ್ ಟೆಸ್ಟಿಂಗ್. ಇದೆಲ್ಲ ನಿಮ್ಮ ತಲೆನೋವು ಅಲ್ಲವೇ ಅಲ್ಲ.

ಆದರೆ ಆ ಡಾಕ್ಯುಮೆಂಟೇ ನಿಮ್ಮ ಕೆಲಸವನ್ನು ಅರೆಬರೆ ಹೇಳಿದ್ದರೆ? ಆಗ ಸಾಫ್ಟ್‌ವೇರ್ ಡಾಕ್ಯುಮೆಂಟಿಗೆ ಸರಿಯಾಗಿ ಹೊಂದುತ್ತದೆ, ನಿಮ್ಮ ಮೇಜಿನ ಮೇಲೆ ಕೈಕೊಡುತ್ತದೆ. ಬ್ಯಾರಿ ಬೋಮ್ ಎಂಬ ಸಾಫ್ಟ್‌ವೇರ್ ಎಂಜಿನಿಯರಿಂಗ್ ತಜ್ಞರು ಇದನ್ನು ಎರಡು ಪ್ರಶ್ನೆಯಾಗಿ ಬಿಡಿಸಿದ್ದರು. ಮಾಡುತ್ತಿರುವುದನ್ನು ಸರಿಯಾಗಿ ಮಾಡುತ್ತಿದ್ದೇವಾ? ಮಾಡಬೇಕಾದದ್ದನ್ನೇ ಮಾಡುತ್ತಿದ್ದೇವಾ? ಮೊದಲನೆಯದಕ್ಕೆ ಮುಖ್ಯವಾಗಿ ಕ್ಯೂಎ ತಂಡ ಉತ್ತರ ಕೊಡುತ್ತದೆ. ಎರಡನೆಯದಕ್ಕೆ ನೀವಲ್ಲದೆ ಬೇರೆ ಯಾರೂ ಕೊನೆಯ ಉತ್ತರ ಕೊಡಲಾರರು.

ನಾನು ಹತ್ತಿರದಿಂದ ನೋಡಿದ ಒಂದು ಸಂಗತಿ ಹೇಳುತ್ತೇನೆ. ಆಸ್ಪತ್ರೆಯೊಂದರ ರಿಜಿಸ್ಟ್ರೇಷನ್ ಸಾಫ್ಟ್‌ವೇರ್. ಕೌಂಟರ್‌ನಲ್ಲಿ ಕೂರುವ ಒಬ್ಬರು ಯುಎಟಿಗೆ ಬಂದಿದ್ದರು. ಅವರ ಕಣ್ಣು ಚೀಟಿಯ ಮೇಲಿರುತ್ತಿತ್ತು, ಇಲ್ಲವೇ ಎದುರಿಗಿದ್ದ ರೋಗಿಯ ಮೇಲೆ. ಸ್ಕ್ರೀನ್ ಕಡೆ ಅವರು ನೋಡುತ್ತಿದ್ದದ್ದೇ ಕಡಿಮೆ. ಹೆಸರು, ಟ್ಯಾಬ್, ವಯಸ್ಸು, ಟ್ಯಾಬ್, ಫೋನ್ ನಂಬರ್, ಟ್ಯಾಬ್. ಬೆರಳಿಗೆ ದಾರಿ ಗೊತ್ತಿತ್ತು. ಹೊಸ ಸ್ಕ್ರೀನ್‌ನಲ್ಲಿ ವಯಸ್ಸಿನ ಜಾಗದಲ್ಲಿ ಹುಟ್ಟಿದ ದಿನಾಂಕ ಬಂದಿತ್ತು. ಅದಕ್ಕೊಂದು ಕ್ಯಾಲೆಂಡರ್ ತೆರೆದುಕೊಳ್ಳುತ್ತಿತ್ತು. 68 ವರ್ಷದವರ ದಿನಾಂಕ ಹಾಕಲು ಮೌಸ್ ಹಿಡಿದು ವರ್ಷದ ಬಾಣವನ್ನು ಒತ್ತುತ್ತಾ ಹಿಂದೆ ಹಿಂದೆ ಹೋಗಬೇಕು. ಅವರು ಒತ್ತಿದರು, ಒತ್ತಿದರು, ಕೈ ಕೆಳಗಿಟ್ಟು ನನ್ನ ಕಡೆ ತಿರುಗಿ ಕೇಳಿದರು: "ಕ್ಯೂ ಬಾಗಿಲ ತನಕ ಇರುತ್ತಲ್ಲ, ಆಗ ಇದನ್ನು ಯಾರು ಒತ್ತುತ್ತಾರೆ?"

ಸ್ವಲ್ಪ ಹೊತ್ತಾದ ಮೇಲೆ ಇನ್ನೊಂದು ಕೇಳಿದರು. ಫೋನ್ ನಂಬರ್ ಇಲ್ಲದೆ ಸ್ಕ್ರೀನ್ ಮುಂದಕ್ಕೆ ಹೋಗುತ್ತಿರಲಿಲ್ಲ. "ಆಕ್ಸಿಡೆಂಟ್ ಆಗಿ ಪ್ರಜ್ಞೆ ಇಲ್ಲದವರನ್ನು ಆಂಬುಲೆನ್ಸ್‌ನವರು ತಂದರೆ? ಹೆಸರೇ ಗೊತ್ತಿರಲ್ಲ, ನಂಬರ್ ಎಲ್ಲಿಂದ ತರಲಿ?"

ಕ್ಯೂಎ ವರದಿಯಲ್ಲಿ ಈ ಎರಡೂ ಪಾಸ್. ಕ್ಯಾಲೆಂಡರ್ ಸರಿಯಾಗಿ ತೆರೆಯುತ್ತಿತ್ತು. ಫೋನ್ ನಂಬರ್ ಕಡ್ಡಾಯ ಎಂದು ಬರೆದಿತ್ತು, ಕಡ್ಡಾಯವಾಗಿಯೇ ಇತ್ತು. ಟೆಸ್ಟರ್ ಕೆಲಸದಲ್ಲಿ ಹುಳುಕಿರಲಿಲ್ಲ. ಆ ಕುರ್ಚಿಯಲ್ಲಿ ಕೂತವರಿಗೆ ಮಾತ್ರ ಹೊಳೆಯುವ ಪ್ರಶ್ನೆಗಳು ಅವು.

ಹಾಗಾಗಿ ಟೆಸ್ಟಿಂಗ್ ಗೊತ್ತಿಲ್ಲ ಎಂದು ಹಿಂಜರಿಯಬೇಡಿ. ನಿಮಗೆ ಗೊತ್ತಿರಬೇಕಾದದ್ದು ನಿಮ್ಮ ಕೆಲಸ. ಹೋಗುವ ಮೊದಲು ಒಂದು ಕೆಲಸ ಮಾಡಿ. ಕಳೆದ ಕೆಲವು ತಿಂಗಳಲ್ಲಿ ನಿಮಗೆ ಹೆಚ್ಚು ಕಾಟ ಕೊಟ್ಟ ಪ್ರಕರಣಗಳ ಕಡತ ತೆಗೆಯಿರಿ. ಬಿಲ್ ಹೋದ ಮೇಲೆ ಅರ್ಧ ಸರಕು ವಾಪಸ್ ಬಂದದ್ದು. ಒಂದೇ ಪಾವತಿಯನ್ನು ಮೂರು ಬಿಲ್‌ಗೆ ಹಂಚಬೇಕಾದದ್ದು. ತಿಂಗಳ ಲೆಕ್ಕ ಮುಚ್ಚಿದ ಮೇಲೆ ಹಿಂದಿನ ತಿಂಗಳ ದಿನಾಂಕದ ಬಿಲ್ ಬಂದದ್ದು. ಅಪ್ರೂವ್ ಮಾಡಬೇಕಾದವರು ರಜೆಯಲ್ಲಿದ್ದದ್ದು. ಇವನ್ನು ಹೊಸ ಸಾಫ್ಟ್‌ವೇರ್‌ನಲ್ಲಿ ಮೊದಲಿಂದ ಕೊನೆವರೆಗೆ ಮಾಡಿ ಮುಗಿಸಿ. ಕೊನೆಗೆ ಬಂದ ಮೊತ್ತವನ್ನು ಹಳೆಯ ಪುಸ್ತಕದ ಮೊತ್ತದ ಜೊತೆ ತಾಳೆ ನೋಡಿ. ನಿಮಗೆ ಯಾರಾದರೂ ಸಿದ್ಧ ಟೆಸ್ಟ್ ಕೇಸ್ ಪಟ್ಟಿ ಕೊಟ್ಟು "ಇದರಲ್ಲಿರುವಂತೆ ಕ್ಲಿಕ್ ಮಾಡಿ ಟಿಕ್ ಹಾಕಿ" ಅಂದರೆ ಒಪ್ಪಬೇಡಿ. ಅದು ಕ್ಯೂಎ ಪಟ್ಟಿಯ ನಕಲೇ ಆಗಿರುವ ಸಾಧ್ಯತೆ ಜಾಸ್ತಿ.

ಪ್ರಶ್ನೆ: ನಾನು ಟೆಸ್ಟರ್. ಯುಎಟಿಯಲ್ಲಿ ಬಗ್ ಸಿಕ್ಕಾಗಲೆಲ್ಲ "ಕ್ಯೂಎ ಏನು ಮಾಡುತ್ತಿತ್ತು?" ಎಂಬ ಪ್ರಶ್ನೆ ಬರುತ್ತದೆ. ಈ ವರ್ಷ ನಮ್ಮ ಮ್ಯಾನೇಜರ್ "ಯುಎಟಿಯಲ್ಲಿ ಸೊನ್ನೆ ಬಗ್" ಎಂದು ಗುರಿಯನ್ನೇ ಇಟ್ಟುಬಿಟ್ಟಿದ್ದಾರೆ. ಇದು ನ್ಯಾಯವಾ?

ನ್ಯಾಯವಲ್ಲ, ಜೊತೆಗೆ ಅಪಾಯ ಕೂಡ. ಅಂಥ ಗುರಿ ಇಟ್ಟ ಕಡೆ ಏನಾಗುತ್ತದೆ ಗೊತ್ತಾ? ಬಳಕೆದಾರರು ಏನಾದರೂ ಬರೆಯಲು ಹೋದರೆ "ಇದನ್ನು ಡಿಫೆಕ್ಟ್ ಅಂತ ಹಾಕಬೇಡಿ, ಮೇಲ್ ಮಾಡಿ ಸಾಕು" ಎನ್ನುತ್ತಾರೆ. ಎಣಿಕೆ ಸೊನ್ನೆಯಾಗುತ್ತದೆ, ತೊಂದರೆ ಹಾಗೇ ಪ್ರೊಡಕ್ಷನ್‌ಗೆ, ಅಂದರೆ ಜನ ನಿಜವಾಗಿ ಕೆಲಸ ಮಾಡುವ ಸಿಸ್ಟಂಗೆ ಹೋಗುತ್ತದೆ.

ಯುಎಟಿಯಲ್ಲಿ ಬಂದದ್ದನ್ನು ಮೊದಲು ಬೇರ್ಪಡಿಸಬೇಕು. ದಿನಾ ಸಂಜೆ ಡೆವಲಪರ್, ಟೆಸ್ಟರ್, ಬಿಸಿನೆಸ್ ಅನಲಿಸ್ಟ್, ಬಳಕೆದಾರರ ಕಡೆಯ ಒಬ್ಬರು ಕೂತು ಟ್ರಯಾಜ್ ಮಾಡಿದರೆ, ಅಂದರೆ ಯಾವುದು ಏನು, ಎಷ್ಟು ತುರ್ತು ಎಂದು ವಿಂಗಡಿಸಿದರೆ ಇದು ಸುಲಭ. ಡಾಕ್ಯುಮೆಂಟ್‌ನಲ್ಲಿ ಬರೆದಿದೆ, ಸಾಫ್ಟ್‌ವೇರ್ ಹಾಗೆ ನಡೆಯುತ್ತಿಲ್ಲ ಅಂದರೆ ಅದು ಬಗ್, ನಿಮ್ಮ ಕಣ್ಣು ತಪ್ಪಿಸಿಕೊಂಡು ಬಂದದ್ದು. ಅದನ್ನು ಒಪ್ಪಿಕೊಳ್ಳಿ, ಯಾವ ಟೆಸ್ಟ್ ಇದ್ದಿದ್ದರೆ ಸಿಗುತ್ತಿತ್ತು ಎಂದು ನೋಡಿ, ಆ ಟೆಸ್ಟನ್ನು ರಿಗ್ರೆಷನ್‌ಗೆ ಸೇರಿಸಿ. ಡಾಕ್ಯುಮೆಂಟ್‌ನಲ್ಲೇ ಇಲ್ಲ, ಆದರೆ ಕೆಲಸಕ್ಕೆ ಬೇಕೇ ಬೇಕು ಅಂದರೆ ಅದು ರಿಕ್ವೈರ್‌ಮೆಂಟ್ ಹಂತದಲ್ಲಿ ಬಿಟ್ಟುಹೋದದ್ದು. ಬರೆದಿದ್ದಂತೆ ಇದೆ, ಈಗ ಬೇರೆ ತರಹ ಬೇಕು ಅಂದರೆ ಚೇಂಜ್ ರಿಕ್ವೆಸ್ಟ್. ಇನ್ನು ಎಷ್ಟೋ ದೂರುಗಳು ಯುಎಟಿ ಸರ್ವರ್‌ನಲ್ಲಿ ಸಾಫ್ಟ್‌ವೇರ್‌ನ ಹಳೇ ಬಿಲ್ಡ್ (ಹಳೆಯ ಆವೃತ್ತಿ) ಇದ್ದದ್ದಕ್ಕೋ, ಗ್ರಾಹಕರ ಪಟ್ಟಿಯಂಥ ಮಾಸ್ಟರ್ ಡೇಟಾ ತುಂಬಿಸದೆ ಇದ್ದದ್ದಕ್ಕೋ ಬರುತ್ತವೆ.

ಇವುಗಳಲ್ಲಿ ಕ್ಯೂಎ ಬಾಗಿಲಿಗೆ ಬರಬೇಕಾದದ್ದು ಮೊದಲನೆಯ ಗುಂಪು ಮಾತ್ರ. ಅದು ದೊಡ್ಡದಿದ್ದರೆ ಮ್ಯಾನೇಜರ್ ಕೇಳುವುದು ಸರಿ. ಎರಡನೆಯದು ದೊಡ್ಡದಿದ್ದರೆ ಕೇಳಬೇಕಾದವರು ಬೇರೆ: ರಿಕ್ವೈರ್‌ಮೆಂಟ್ ಬರೆಯುವಾಗ ಕೌಂಟರ್‌ನಲ್ಲಿ ಕೂರುವವರನ್ನು ಯಾರಾದರೂ ಮಾತಾಡಿಸಿದ್ದರಾ?

ಮ್ಯಾನೇಜರ್‌ಗೆ ತೋರಿಸಲು ಎರಡು ಆಧಾರ ಕೊಡುತ್ತೇನೆ. 1969ರಲ್ಲಿ ರೋಮ್‌ನಲ್ಲಿ ನಡೆದ ನ್ಯಾಟೋ ಸಾಫ್ಟ್‌ವೇರ್ ಎಂಜಿನಿಯರಿಂಗ್ ಸಮ್ಮೇಳನದಲ್ಲಿ ಕಂಪ್ಯೂಟರ್ ವಿಜ್ಞಾನಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಹೇಳಿದ ಮಾತು ಇವತ್ತಿಗೂ ಟೆಸ್ಟರ್‌ಗಳ ಬಾಯಲ್ಲಿದೆ. ಟೆಸ್ಟಿಂಗ್‌ನಿಂದ ಬಗ್ ಇದೆ ಎಂದು ತೋರಿಸಬಹುದು, ಇಲ್ಲ ಎಂದು ತೋರಿಸಲು ಆಗುವುದಿಲ್ಲ. ಇನ್ನೊಂದು, ಟೆಸ್ಟರ್‌ಗಳಿಗೆ ಪ್ರಮಾಣಪತ್ರದ ಪರೀಕ್ಷೆ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ಐಎಸ್‌ಟಿಕ್ಯೂಬಿಯ ಫೌಂಡೇಷನ್ ಪಠ್ಯದಲ್ಲಿ ಟೆಸ್ಟಿಂಗ್‌ನ ಏಳು ತತ್ವಗಳಿವೆ. ಏಳನೆಯದು ಇದೇ ವಿಷಯ: ದೋಷ ಇಲ್ಲ ಅಂದಮಾತ್ರಕ್ಕೆ ಸಾಫ್ಟ್‌ವೇರ್ ಗೆದ್ದಿತು ಅಂದುಕೊಳ್ಳುವುದು ಭ್ರಮೆ. ಬಳಕೆದಾರರ ಅಗತ್ಯಕ್ಕೆ ಒದಗದಿದ್ದರೆ ದೋಷವಿಲ್ಲದ ಸಾಫ್ಟ್‌ವೇರೂ ಸೋತ ಹಾಗೇ.

ಪ್ರಶ್ನೆ: ಕ್ಯೂಎ ಅಂದರೂ ಟೆಸ್ಟಿಂಗ್ ಅಂದರೂ ಒಂದೇ ಅಲ್ವಾ?

ಕಂಪನಿಗಳಲ್ಲಿ ಒಂದೇ ಎಂಬಂತೆ ಬಳಸುತ್ತಾರೆ, ಅದರಿಂದ ದಿನದ ಕೆಲಸಕ್ಕೆ ಅಷ್ಟೇನೂ ತೊಂದರೆಯಿಲ್ಲ. ಆದರೆ ಕೆಲಸ ಬೇರೆ. ತಯಾರಾದ ಸಾಫ್ಟ್‌ವೇರ್‌ನಲ್ಲಿ ತಪ್ಪು ಹುಡುಕುವುದು ಟೆಸ್ಟಿಂಗ್. ತಪ್ಪು ಹುಟ್ಟದ ಹಾಗೆ ಕೆಲಸದ ರೀತಿಯನ್ನೇ ಸರಿಮಾಡುವುದು ಕ್ಯೂಎ. ರಿಕ್ವೈರ್‌ಮೆಂಟನ್ನು ಯಾರು ಓದಿ ಪ್ರಶ್ನೆ ಕೇಳಬೇಕು, ಕೋಡ್ ರಿವ್ಯೂ ಇಲ್ಲದೆ ಮುಂದೆ ಹೋಗಬಹುದಾ, ಒಂದೇ ತರಹದ ಬಗ್ ಮತ್ತೆ ಮತ್ತೆ ಯಾಕೆ ಬರುತ್ತಿದೆ, ಇವು ಕ್ಯೂಎ ಕೇಳುವ ಪ್ರಶ್ನೆಗಳು. ಹಾಗಾಗಿ ಕ್ಯೂಎ ಮೊದಲ ದಿನದಿಂದ ಇರಬೇಕು. ಯುಎಟಿ ಸಾಮಾನ್ಯವಾಗಿ ಕೊನೆಯ ಹಂತ.

ಈ ಅಂಕಣದಲ್ಲಿ ನಾನೂ "ಕ್ಯೂಎ ತಂಡ" ಎಂದೇ ಬರೆಯುತ್ತೇನೆ, ಎಲ್ಲರೂ ಹಾಗೇ ಕರೆಯುವುದರಿಂದ.

ಪ್ರಶ್ನೆ: ನಾನು ಪ್ರಾಜೆಕ್ಟ್ ಮ್ಯಾನೇಜರ್. ಯುಎಟಿಗೆ ಮೂರು ವಾರ ಇಟ್ಟಿದ್ದೆವು. ಡೆವಲಪ್‌ಮೆಂಟ್ ತಡವಾಗಿ ಈಗ ನಾಲ್ಕು ದಿನ ಉಳಿದಿದೆ. ಗೋ-ಲೈವ್ ದಿನಾಂಕ, ಅಂದರೆ ಸಾಫ್ಟ್‌ವೇರ್ ಚಾಲೂ ಆಗುವ ದಿನ, ಬದಲಾಯಿಸುವ ಹಾಗಿಲ್ಲ. ಬಳಕೆದಾರರೂ ಬಿಡುವಿಲ್ಲ ಅನ್ನುತ್ತಾರೆ. ಅವರ ಬದಲು ಕ್ಯೂಎ ತಂಡದಿಂದಲೇ ಯುಎಟಿ ಮಾಡಿಸಿ, ಸಹಿ ಮಾತ್ರ ಅವರಿಂದ ಪಡೆಯಬಹುದಾ?

ದಯವಿಟ್ಟು ಹಾಗೆ ಮಾಡಬೇಡಿ. ನಿಮ್ಮ ಮೇಲಿರುವ ಒತ್ತಡ ನನಗೆ ಅರ್ಥವಾಗುತ್ತದೆ. ಆದರೆ ಕ್ಯೂಎ ತಂಡದವರು ಹೊಸದಾಗಿ ನೋಡುವುದು ಏನೂ ಇರುವುದಿಲ್ಲ. ಅದೇ ಡಾಕ್ಯುಮೆಂಟ್, ಅದೇ ಕಣ್ಣು, ಎರಡನೇ ಸುತ್ತು. ನೋಡದೆ ಹಾಕಿದ ಸಹಿಗೆ ಬೆಲೆಯೂ ಇಲ್ಲ, ನಾಳೆ ತೊಂದರೆ ಬಂದರೆ ಅದನ್ನು ತೋರಿಸಿ ನೀವು ಪಾರಾಗುವುದೂ ಇಲ್ಲ.

ಪರೀಕ್ಷೆಯ ಸಮಯ ಕತ್ತರಿಸಿದ್ದಕ್ಕೆ ದೊಡ್ಡ ಉದಾಹರಣೆ ಲಂಡನ್‌ನ ಹೀಥ್ರೂ ವಿಮಾನ ನಿಲ್ದಾಣದ ಟರ್ಮಿನಲ್ 5. ಅದು ಪ್ರಯಾಣಿಕರಿಗೆ ತೆರೆದದ್ದು 2008ರ ಮಾರ್ಚ್ 27ರಂದು. ಪರೀಕ್ಷೆ ಮಾಡಿರಲಿಲ್ಲ ಅಂತಲ್ಲ. ಸಾವಿರಾರು ಸ್ವಯಂಸೇವಕರನ್ನು ಪ್ರಯಾಣಿಕರಂತೆ ಓಡಾಡಿಸಿ ನೋಡಿದ್ದರು. ಆದರೂ ಮೊದಲ ದಿನವೇ ಎಲ್ಲ ಕೆಟ್ಟಿತು. ಕೆಲಸಗಾರರಿಗೆ ಗಾಡಿ ನಿಲ್ಲಿಸುವ ಜಾಗಕ್ಕೆ ದಾರಿ ಸಿಗಲಿಲ್ಲ. ಬ್ಯಾಗೇಜ್ ಸಿಬ್ಬಂದಿಗೆ ಸಿಸ್ಟಂಗೆ ಲಾಗಿನ್ ಆಗಲು ತೊಂದರೆಯಾಯಿತು. ಪರೀಕ್ಷೆಯ ಸಮಯದಲ್ಲಿ ಸುಳ್ಳು ಸಂದೇಶಗಳು ನಿಜವಾದ ಸಿಸ್ಟಂಗಳಿಗೆ ಹೋಗದಂತೆ ಹಾಕಿದ್ದ ಸಾಫ್ಟ್‌ವೇರ್ ಫಿಲ್ಟರನ್ನು ಆಮೇಲೆ ತೆಗೆದಿರಲಿಲ್ಲ. ಹಾಗಾಗಿ ನಿಜವಾದ ಬ್ಯಾಗುಗಳ ಮಾಹಿತಿಯೂ ತಡೆಯಲ್ಪಟ್ಟಿತು. ನೂರಾರು ವಿಮಾನ ರದ್ದಾದವು, ಸಾವಿರಾರು ಬ್ಯಾಗುಗಳು ಯಜಮಾನರಿಂದ ದೂರ ಉಳಿದವು. ಕಟ್ಟಡದ ಕೆಲಸ ತಡವಾದ್ದರಿಂದ ಪರೀಕ್ಷೆಯಲ್ಲಿ ರಾಜಿ ಮಾಡಿಕೊಂಡೆವು ಎಂದು ಬ್ರಿಟಿಷ್ ಏರ್‌ವೇಸ್‌ನ ಆಗಿನ ಮುಖ್ಯಸ್ಥ ವಿಲ್ಲಿ ವಾಲ್ಶ್ ಸಂಸತ್ತಿನ ಸಮಿತಿಯ ಮುಂದೆ ಹೇಳಿದರು.

ಗಮನಿಸಿ, ಪಾರ್ಕಿಂಗ್ ದಾರಿ, ಲಾಗಿನ್, ಮರೆತುಹೋದ ಫಿಲ್ಟರ್. ಇವು ಯಾವ ಸ್ಕ್ರೀನಿನ ಬಗ್ಗಳೂ ಅಲ್ಲ. ನಿಜವಾದ ಜನ ನಿಜವಾದ ಜಾಗದಲ್ಲಿ ತಮ್ಮ ಶಿಫ್ಟ್ ಶುರುಮಾಡಿದರೆ ಮಾತ್ರ ಕಾಣುವ ವಿಷಯಗಳು. ಬ್ಯಾಕಪ್, ಲಾಗಿನ್ ಹಕ್ಕುಗಳು, ಸರ್ವರ್ ಬಿದ್ದರೆ ಎಬ್ಬಿಸುವ ಕ್ರಮ ಇತ್ಯಾದಿಯನ್ನು ನೋಡುವುದಕ್ಕೆ ಆಪರೇಷನಲ್ ಅಕ್ಸೆಪ್ಟೆನ್ಸ್ ಟೆಸ್ಟಿಂಗ್ ಎಂದು ಬೇರೆಯೇ ಒಂದು ವಿಧ ಇದೆ. ಅದನ್ನು ಎಷ್ಟೋ ಪ್ರಾಜೆಕ್ಟ್‌ಗಳು ಲೆಕ್ಕಕ್ಕೇ ಹಿಡಿಯುವುದಿಲ್ಲ.

ಈಗ ನಿಮ್ಮ ನಾಲ್ಕು ದಿನಕ್ಕೆ ಬರೋಣ. ಎಲ್ಲವನ್ನೂ ಸ್ವಲ್ಪ ಸ್ವಲ್ಪ ನೋಡಲು ಹೋಗಬೇಡಿ. ನಿಂತರೆ ಇಡೀ ಕೆಲಸವೇ ನಿಲ್ಲುವಂಥ ದಾರಿಗಳು ಯಾವುವು ಎಂದು ಬಳಕೆದಾರರನ್ನೇ ಕೇಳಿ, ಅವನ್ನು ಮಾತ್ರ ಪೂರ್ತಿ ನೋಡಿಸಿ. ಉಳಿದ ಭಾಗಗಳನ್ನು ಮೊದಲ ದಿನ ಚಾಲೂ ಮಾಡದೆ ಹಿಡಿದಿಡಬಹುದಾ ನೋಡಿ. ಒಂದೇ ವಿಭಾಗದಿಂದ ಶುರು ಮಾಡಿ ಆಮೇಲೆ ಬೇರೆಯವರಿಗೆ ಕೊಡಬಹುದಾ ನೋಡಿ. ಯುಎಟಿಗೆ ಬರುವವರ ಮಾಮೂಲಿ ಕೆಲಸ ಬೇರೆಯವರಿಗೆ ವಹಿಸಿಕೊಡಿ ಎಂದು ಅವರ ಮೇಲಧಿಕಾರಿಗೆ ನೀವೇ ಬರೆಯಿರಿ. ತಮ್ಮ ಕೆಲಸವನ್ನೂ ಮಾಡಿ, ಸಂಜೆ ಉಳಿದ ಹೊತ್ತಲ್ಲಿ ಯುಎಟಿ ಮಾಡು ಎನ್ನುವುದು ಅನ್ಯಾಯ. ಮತ್ತು ಏನೇನು ನೋಡಿಲ್ಲ ಎಂಬ ಪಟ್ಟಿಯನ್ನು ಗೋ-ಲೈವ್ ತೀರ್ಮಾನ ಮಾಡುವವರ ಮುಂದೆ ಬರಹದಲ್ಲಿ ಇಡಿ. ದಿನಾಂಕ ಬದಲಾಗದು ಎನ್ನುವವರು ಆ ಪಟ್ಟಿ ಓದಿದ ಮೇಲೂ ಹಾಗೇ ಹೇಳುತ್ತಾರಾ ನೋಡೋಣ. ಎಷ್ಟೋ ಸಲ ಹೇಳುವುದಿಲ್ಲ.

ಇನ್ನೊಂದು ಮಾತು. ಕ್ಯೂಎ ಮುಗಿಯದೆ ಯುಎಟಿ ಶುರು ಮಾಡಿದರೆ ಬಳಕೆದಾರರು ಮೊದಲ ದಿನವೇ ಸೇವ್ ಬಟನ್ ಕೆಲಸ ಮಾಡಲ್ಲ, ಪುಟ ತೆರೆಯಲ್ಲ ಎಂಬಂಥದ್ದರಲ್ಲೇ ಸಿಕ್ಕಿಹಾಕಿಕೊಳ್ಳುತ್ತಾರೆ. ಎರಡನೇ ದಿನ ಅವರಿಗೆ ನಂಬಿಕೆಯೇ ಹೋಗಿರುತ್ತದೆ. ತೀವ್ರ ಡಿಫೆಕ್ಟ್ ಬಾಕಿ ಇರುವಾಗ ಅವರನ್ನು ಕರೆಯಲೇಬೇಡಿ.

ಪ್ರಶ್ನೆ: ಯುಎಟಿಯಲ್ಲಿ ನಾನು ಕೊಟ್ಟ ದೂರುಗಳಲ್ಲಿ ಅರ್ಧಕ್ಕರ್ಧ "ಯೂಸರ್ ಎರರ್" ಎಂದು ಬರೆದು ಮುಚ್ಚಿದ್ದಾರೆ. ಮತ್ತೆ ದೂರು ಕೊಡಲು ಮುಜುಗರವಾಗುತ್ತಿದೆ. ತಪ್ಪು ನನ್ನದೇ ಇರಬಹುದಾ?

ಮುಜುಗರ ಪಡಬೇಡಿ. ನೀವು ತಪ್ಪು ಗುಂಡಿ ಒತ್ತಿದ್ದೇ ನಿಜ ಅಂತಿಟ್ಟುಕೊಳ್ಳಿ. ಆ ಸ್ಕ್ರೀನ್ ನಿಮ್ಮಿಂದ ತಪ್ಪು ಗುಂಡಿ ಯಾಕೆ ಒತ್ತಿಸಿತು ಎನ್ನುವುದು ಯುಎಟಿಯ ಪ್ರಶ್ನೆಯೇ. ನಾಳೆ ಅದೇ ಸ್ಕ್ರೀನ್ ಮುಂದೆ ಕೂರುವ ಬೇರೆಯವರೂ ಅದನ್ನೇ ಒತ್ತುತ್ತಾರೆ, ಪಕ್ಕದಲ್ಲಿ ಹೇಳಿಕೊಡಲು ಯಾರೂ ಇರುವುದಿಲ್ಲ.

ಈ "ಯೂಸರ್ ಎರರ್" ಎಂಬ ಎರಡು ಪದವನ್ನು ನಾನು ಹಗುರವಾಗಿ ನೋಡಲಾರೆ. ಬ್ರಿಟನ್ನಿನ ಅಂಚೆ ಕಚೇರಿಗಳ ಹೊರೈಜನ್ ಸಾಫ್ಟ್‌ವೇರ್ ಕಥೆ ನಿಮಗೆ ಗೊತ್ತಿರಬಹುದು. ಫುಜಿತ್ಸು ಕಂಪನಿಯ ಆ ಸಾಫ್ಟ್‌ವೇರ್ 1999ರಿಂದ ಅಲ್ಲಿನ ಅಂಚೆ ಶಾಖೆಗಳಿಗೆ ಬಂತು. ಅದನ್ನು ಒಪ್ಪಿಕೊಳ್ಳುವ ಹಂತದಲ್ಲೇ ಲೆಕ್ಕದ ತಾಳೆಯ ಬಗ್ಗೆ ಆಕ್ಷೇಪಗಳು ದಾಖಲಾಗಿದ್ದವು. ಚಾಲೂ ಆದ ಮೇಲೆ ಶಾಖೆ ನಡೆಸುವವರು "ನಮ್ಮ ಕೈಯಲ್ಲಿರುವ ಹಣಕ್ಕೂ ಸ್ಕ್ರೀನ್ ತೋರಿಸುವುದಕ್ಕೂ ಹೊಂದುತ್ತಿಲ್ಲ" ಎಂದು ಸಹಾಯವಾಣಿಗೆ ಫೋನ್ ಮಾಡಿದರು. ಇಂಥ ತೊಂದರೆ ನಿಮಗೊಬ್ಬರಿಗೇ ಎಂದು ಹಲವರಿಗೆ ಉತ್ತರ ಬಂತು. ಕೊರತೆಯ ಹಣ ಅವರ ಕೈಯಿಂದ ವಸೂಲಾಯಿತು. 1999ರಿಂದ 2015ರ ನಡುವೆ 900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪದಲ್ಲಿ ಅಪರಾಧಿಗಳಾದರು. ಕೆಲವರು ಜೈಲಿಗೂ ಹೋದರು. 2019ರಲ್ಲಿ ಹೈಕೋರ್ಟ್ ಆ ಸಾಫ್ಟ್‌ವೇರ್‌ನಲ್ಲಿ ದೋಷಗಳಿದ್ದವು, ಅವುಗಳಿಂದ ಲೆಕ್ಕ ಏರುಪೇರಾಗಬಹುದಿತ್ತು ಎಂದು ತೀರ್ಪು ಕೊಟ್ಟಿತು. 2024ರಲ್ಲಿ ಶಿಕ್ಷೆಗಳನ್ನು ರದ್ದು ಮಾಡಲು ಸಂಸತ್ತು ಕಾನೂನನ್ನೇ ತರಬೇಕಾಯಿತು.

ನಿಮ್ಮ ಪ್ರಾಜೆಕ್ಟ್ ಹೀಗಾಗುತ್ತದೆ ಎಂದು ಹೇಳುತ್ತಿಲ್ಲ. ಬಳಸುವವರ ಮಾತನ್ನು ಮೊದಲೇ ತಳ್ಳಿಹಾಕುವ ಅಭ್ಯಾಸ ಎಲ್ಲಿಗೆ ಮುಟ್ಟಬಹುದು ಎಂದು ಹೇಳುತ್ತಿದ್ದೇನೆ. ಮುಚ್ಚಿದ ಪ್ರತಿ ದೂರಿಗೂ "ಸರಿಯಾದ ಕ್ರಮ ಯಾವುದು, ಅದು ಸ್ಕ್ರೀನ್ ಮೇಲೆ ಎಲ್ಲಿ ಕಾಣುತ್ತದೆ?" ಎಂದು ಬರೆದು ಕೇಳಿ. ಉತ್ತರ ಬರದಿದ್ದರೆ ದೂರನ್ನು ಮತ್ತೆ ತೆರೆಯಿರಿ. ಹಾಗೆ ತೆರೆಯುವ ಹಕ್ಕು ನಿಮಗಿದೆ.

ಪ್ರಶ್ನೆ: ನಾವು ಅಜೈಲ್ ಪದ್ಧತಿಯಲ್ಲಿ, ಸ್ಪ್ರಿಂಟ್ ಎಂಬ ಎರಡೆರಡು ವಾರದ ತುಂಡುಗಳಲ್ಲಿ ಸಾಫ್ಟ್‌ವೇರ್ ಮಾಡುತ್ತೇವೆ. ಪ್ರತಿ ಸ್ಪ್ರಿಂಟ್ ಕೊನೆಗೆ ಡೆಮೊ ಇರುತ್ತದೆ. ಮತ್ತೆ ಯುಎಟಿ ಬೇಕಾ?

ಡೆಮೊದಲ್ಲಿ ಮೌಸ್ ಯಾರ ಕೈಯಲ್ಲಿರುತ್ತದೆ? ಡೆವಲಪರ್ ಕೈಯಲ್ಲಿದ್ದರೆ ಅದು ತೋರಿಸುವ ಕಾರ್ಯಕ್ರಮ. ಬಳಕೆದಾರರ ಕೈಗೆ ಕೊಟ್ಟು, ಅವರದೇ ಕೆಲಸವನ್ನು ಮಾಡಲು ಬಿಟ್ಟು, ನೀವು ಸುಮ್ನೆ ಕೂತು ನೋಡಿದರೆ ಅದು ಯುಎಟಿಯ ಒಂದು ತುಂಡು. ಹಾಗೆ ಪ್ರತಿ ಸ್ಪ್ರಿಂಟ್‌ನಲ್ಲೂ ಮಾಡುವುದು ಕೊನೆಗೆ ಒಮ್ಮೆಲೇ ಮಾಡುವುದಕ್ಕಿಂತ ಎಷ್ಟೋ ಮೇಲು. ತಪ್ಪಾದದ್ದು ಎರಡು ವಾರದಲ್ಲೇ ಗೊತ್ತಾಗುತ್ತದಲ್ಲ.

ಇನ್ನೂ ಮುಂಚೆಯೇ ಶುರು ಮಾಡಬಹುದು. ಕೋಡ್ ಬರೆಯುವ ಮೊದಲೇ ಬಳಕೆದಾರರ ಜೊತೆ ಕೂತು ಒಪ್ಪಿಗೆಯ ಷರತ್ತುಗಳನ್ನು ಬರೆಯುವುದು. ಸಾಫ್ಟ್‌ವೇರ್ ತಜ್ಞ ಡ್ಯಾನ್ ನಾರ್ತ್ ಜನಪ್ರಿಯಗೊಳಿಸಿದ ಒಂದು ಸರಳ ಅಚ್ಚು ಇದೆ: ಹೀಗಿದ್ದಾಗ, ಹೀಗೆ ಮಾಡಿದರೆ, ಹೀಗಾಗಬೇಕು. "ರೋಗಿಯ ಹೆಸರು ಗೊತ್ತಿಲ್ಲದಿದ್ದಾಗ, ತುರ್ತು ದಾಖಲಾತಿ ಒತ್ತಿದರೆ, ಫೋನ್ ನಂಬರ್ ಕೇಳದೆ ತಾತ್ಕಾಲಿಕ ಸಂಖ್ಯೆ ಬರಬೇಕು." ಇದನ್ನು ಕೌಂಟರ್‌ನವರೂ ಓದಬಹುದು, ಡೆವಲಪರೂ ಓದಬಹುದು, ಟೆಸ್ಟರ್ ಇದನ್ನೇ ಆಟೊಮೇಷನ್‌ಗೂ (ತಾನಾಗಿ ಓಡುವ ಟೆಸ್ಟ್‌ಗೂ) ಹಾಕಬಹುದು. ಕ್ಯೂಎ ಮತ್ತು ಯುಎಟಿ ನಡುವೆ ಇಷ್ಟು ಚೆನ್ನಾಗಿ ಕೈ ಜೋಡಿಸುವ ದಾರಿ ಇನ್ನೊಂದನ್ನು ನಾನು ಕಂಡಿಲ್ಲ.

ಆದರೂ ದೊಡ್ಡ ಬಿಡುಗಡೆಗೆ ಮೊದಲು ಒಂದು ಸಲ ಮೊದಲಿಂದ ಕೊನೆವರೆಗೆ ಓಡಿಸಿ ನೋಡಲೇಬೇಕು. ತುಂಡು ತುಂಡಾಗಿ ಒಪ್ಪಿದ್ದೆಲ್ಲ ಸೇರಿದಾಗ ತಿಂಗಳ ಕೊನೆಯ ಲೆಕ್ಕ ಮುಚ್ಚುತ್ತದಾ ಎನ್ನುವುದು ಯಾವ ಒಂದು ಸ್ಪ್ರಿಂಟ್‌ನಲ್ಲೂ ಗೊತ್ತಾಗುವುದಿಲ್ಲ.

ಪ್ರಶ್ನೆ: ಯುಎಟಿಗೆ ಸುಳ್ಳು ಡೇಟಾ ಸಾಕಾ, ನಿಜವಾದದ್ದೇ ಬೇಕಾ?

ನಿಜವಾದದ್ದರಷ್ಟೇ ಗೋಜಲಾದದ್ದು ಬೇಕು. ಪ್ರೊಡಕ್ಷನ್‌ನಿಂದ ನಕಲು ತೆಗೆದರೆ ಹೆಸರು, ಫೋನ್, ಖಾತೆ ಸಂಖ್ಯೆಗಳನ್ನು ಮರೆಮಾಚದೆ ಯಾರ ಕೈಗೂ ಕೊಡಬೇಡಿ. ಆದರೆ ಡೇಟಾದ ಆಕಾರ ಹಾಗೇ ಉಳಿಯಲಿ: ಉದ್ದದ ಹೆಸರುಗಳು, ಖಾಲಿ ಬಿಟ್ಟ ವಿಳಾಸಗಳು, ಹತ್ತು ವರ್ಷ ಹಳೆಯ ಬಾಕಿಗಳು.

ಪರೀಕ್ಷೆಗೆ ಸರಿಯಾದ ಅಂಕಿ ಹಾಕದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ಒಂದು ಉದಾಹರಣೆ. 1996ರ ಜೂನ್ 4ರಂದು ಯುರೋಪಿನ ಏರಿಯಾನ್ 5 ರಾಕೆಟ್ ಮೊದಲ ಹಾರಾಟದಲ್ಲೇ ಒಂದು ನಿಮಿಷದೊಳಗೆ ನಾಶವಾಯಿತು. ಏರಿಯಾನ್ 4ರಲ್ಲಿ ಚೆನ್ನಾಗಿ ನಡೆದಿದ್ದ ಸಾಫ್ಟ್‌ವೇರನ್ನೇ ಅದರಲ್ಲೂ ಬಳಸಿದ್ದರು. ಹೊಸ ರಾಕೆಟ್ಟಿನ ವೇಗ ಬೇರೆಯಿತ್ತು. 64 ಬಿಟ್‌ನ ಒಂದು ಸಂಖ್ಯೆಯನ್ನು 16 ಬಿಟ್‌ನ ಜಾಗಕ್ಕೆ ಇಳಿಸುವಾಗ ಅದು ಹಿಡಿಸಲಿಲ್ಲ. ಈ ಸಾಫ್ಟ್‌ವೇರ್ ಇದ್ದ ಉಪಕರಣವನ್ನು ಏರಿಯಾನ್ 5ರದೇ ಹಾರುವ ಪಥದ ಅಂಕಿಗಳಿಂದ ಪರೀಕ್ಷಿಸಿರಲಿಲ್ಲ ಎಂದು ತನಿಖಾ ಮಂಡಳಿ ಬರೆಯಿತು.

ಪ್ರಶ್ನೆ: ಇನ್ನೂ ಡಿಫೆಕ್ಟ್‌ಗಳು ಬಾಕಿ ಇವೆ. "ಸಹಿ ಮಾಡಿಬಿಡಿ, ಆಮೇಲೆ ಸರಿಮಾಡಿ ಕೊಡುತ್ತೇವೆ" ಎನ್ನುತ್ತಿದ್ದಾರೆ. ಮಾಡಬಹುದಾ?

ಬಾಕಿ ಇರುವುದು ಏನು ಎನ್ನುವುದರ ಮೇಲೆ ಹೋಗುತ್ತದೆ. ಒಂದೂ ಡಿಫೆಕ್ಟ್ ಇಲ್ಲದ ದಿನಕ್ಕೆ ಕಾದರೆ ಯಾವ ಸಾಫ್ಟ್‌ವೇರೂ ಹೊರಗೆ ಬರುವುದಿಲ್ಲ.

ತೀವ್ರತೆ ಬೇರೆ, ತುರ್ತು ಬೇರೆ. ವರ್ಷದ ಕೊನೆಯ ವರದಿ ತೆಗೆಯಲು ಹೋದರೆ ಸಾಫ್ಟ್‌ವೇರ್ ನಿಂತುಹೋಗುತ್ತದೆ. ತೀವ್ರತೆ ದೊಡ್ಡದು. ಆದರೆ ವರ್ಷ ಮುಗಿಯಲು ಇನ್ನೂ ತಿಂಗಳುಗಳಿದ್ದರೆ ಅದಕ್ಕೆ ದಿನಾಂಕ ಹಾಕಿಸಿಕೊಂಡು ಮುಂದೆ ಹೋಗಬಹುದು. ರಶೀದಿಯ ತಲೆಬರಹದಲ್ಲಿ ಸಂಸ್ಥೆಯ ಹೆಸರೇ ತಪ್ಪಾಗಿ ಅಚ್ಚಾಗುತ್ತದೆ. ಲೆಕ್ಕಕ್ಕೆ ಏನೂ ಧಕ್ಕೆಯಿಲ್ಲ, ಆದರೆ ಹಾಗೇ ಚಾಲೂ ಮಾಡಲು ಯಾರೂ ಒಪ್ಪುವುದಿಲ್ಲ. ಹಣದ ಮೊತ್ತ ತಪ್ಪುತ್ತಿದ್ದರೆ, ಒಬ್ಬರ ಮಾಹಿತಿ ಇನ್ನೊಬ್ಬರಿಗೆ ಕಾಣುತ್ತಿದ್ದರೆ, ಹಾಕಿದ ಡೇಟಾ ಅಳಿಸಿಹೋಗುತ್ತಿದ್ದರೆ ಎಷ್ಟೇ ಒತ್ತಡ ಬಂದರೂ ಸಹಿ ಮಾಡಬೇಡಿ.

ಮಾಡುವುದಾದರೆ ಷರತ್ತು ಹಾಕಿ ಮಾಡಿ. ಬಾಯಿಮಾತಿನ "ಆಮೇಲೆ" ಬೇಡ. ಹೀಗೆ ಬರೆಯಬಹುದು: "ಕೆಳಗಿನ ಪಟ್ಟಿಯಲ್ಲಿರುವ ಡಿಫೆಕ್ಟ್‌ಗಳನ್ನು ಬಿಟ್ಟು ಉಳಿದದ್ದನ್ನು ಒಪ್ಪಿದ್ದೇವೆ. ಪ್ರತಿಯೊಂದರ ಎದುರು ಸರಿಪಡಿಸುವ ದಿನಾಂಕ, ಅಲ್ಲಿಯವರೆಗೆ ಅನುಸರಿಸುವ ಬದಲಿ ಕ್ರಮ ಮತ್ತು ಹೊಣೆ ಹೊತ್ತವರ ಹೆಸರು ಇದೆ. ಸರಿಪಡಿಸಿದ ಮೇಲೆ ನಾವು ಮತ್ತೆ ನೋಡಿ ಮುಚ್ಚುತ್ತೇವೆ." ಬದಲಿ ಕ್ರಮವನ್ನು ನೀವೇ ಒಂದು ಸಲ ಮಾಡಿ ನೋಡಿ. "ಎಕ್ಸೆಲ್‌ನಲ್ಲಿ ಲೆಕ್ಕ ಮಾಡಿ ಕೈಯಲ್ಲಿ ಹಾಕಿ" ಎಂದು ಹೇಳುವುದು ಸುಲಭ. ದಿನಕ್ಕೆ ನೂರು ಬಿಲ್ ಇದ್ದರೆ ಅದು ಬದಲಿ ಕ್ರಮವೇ ಅಲ್ಲ.

ಹಲವು ಒಪ್ಪಂದಗಳಲ್ಲಿ ಈ ಸಹಿಯಿಂದಲೇ ವಾರಂಟಿ ಅವಧಿ ಶುರುವಾಗುತ್ತದೆ, ಬಾಕಿ ಹಣವೂ ಬಿಡುಗಡೆಯಾಗುತ್ತದೆ. ಹಾಗಾಗಿ ಸಹಿಗೆ ಮೊದಲು ಒಪ್ಪಂದದ ಆ ಪುಟವನ್ನು ತರಿಸಿಕೊಂಡು ಓದಿ.

ಪ್ರಶ್ನೆ: ಡಿಫೆಕ್ಟ್ ಬರೆಯುವುದು ಹೇಗೆ? ನಾನು ಬರೆದದ್ದೆಲ್ಲ "ಮಾಹಿತಿ ಸಾಲದು" ಎಂದು ವಾಪಸ್ ಬರುತ್ತಿದೆ.

ನೀವು ಕಳಿಸಿದ ಮಾದರಿಯಲ್ಲಿ "ರಿಪೋರ್ಟ್ ಸರಿ ಬರ್ತಿಲ್ಲ" ಎಂದಷ್ಟೇ ಇದೆ. ಓದಿದ ಡೆವಲಪರ್ ತನ್ನ ಕಂಪ್ಯೂಟರ್‌ನಲ್ಲಿ ಯಾವುದೋ ಒಂದು ರಿಪೋರ್ಟ್ ತೆಗೆಯುತ್ತಾರೆ, ಅದು ಸರಿ ಬರುತ್ತದೆ, ವಾಪಸ್ ಕಳಿಸುತ್ತಾರೆ. ಯಾವ ಲಾಗಿನ್, ಯಾವ ದಾಖಲೆ, ಏನೇನು ಒತ್ತಿದಿರಿ, ಏನು ಬರಬೇಕಿತ್ತು, ಏನು ಬಂತು, ಎಷ್ಟು ಗಂಟೆಗೆ, ಇಷ್ಟಿದ್ದರೆ ಸಾಕು. ಗಂಟೆ ಬರೆಯುವುದನ್ನು ಎಲ್ಲರೂ ಮರೆಯುತ್ತಾರೆ, ಆದರೆ ಸರ್ವರ್ ಲಾಗ್‌ನಲ್ಲಿ ಹುಡುಕಲು ಅದೇ ಬೇಕು. ಜೊತೆಗೆ ಇಡೀ ಸ್ಕ್ರೀನಿನ ಚಿತ್ರ, ತಪ್ಪು ಬಂದ ಮೂಲೆಯದ್ದು ಮಾತ್ರ ಅಲ್ಲ.

ನಿಮ್ಮದನ್ನೇ ಹೀಗೆ ಬರೆಯಬಹುದು: "ಅಕೌಂಟ್ಸ್ ಗುಮಾಸ್ತರ ಲಾಗಿನ್. ಬಾಕಿ ಬಿಲ್‌ಗಳ ರಿಪೋರ್ಟ್, ಕಳೆದ ತಿಂಗಳ 1ರಿಂದ 30ರವರೆಗೆ. ಒಂದೇ ಪಾವತಿಯನ್ನು ಮೂರು ಬಿಲ್‌ಗೆ ಹಂಚಿದ್ದೆ. ಮೂರೂ ಬಿಲ್ ಪಟ್ಟಿಯಿಂದ ಹೋಗಬೇಕಿತ್ತು. ಮೊದಲನೆಯದು ಮಾತ್ರ ಹೋಗಿದೆ, ಉಳಿದ ಎರಡು ಪೂರ್ತಿ ಬಾಕಿ ಎಂದು ಕಾಣುತ್ತಿವೆ. ಬೆಳಿಗ್ಗೆ 11.20ಕ್ಕೆ. ಲಾಗ್ ಔಟ್ ಆಗಿ ಮತ್ತೆ ನೋಡಿದೆ, ಹಾಗೇ ಇದೆ. ಈ ರಿಪೋರ್ಟ್ ನೋಡಿಯೇ ನಾವು ಗ್ರಾಹಕರಿಗೆ ಬಾಕಿ ಪತ್ರ ಕಳಿಸುವುದು." ಕೊನೆಯ ವಾಕ್ಯವನ್ನು ಬಿಡಬೇಡಿ. ಟ್ರಯಾಜ್‌ನಲ್ಲಿ ಕೂತವರು ಇದು ಎಷ್ಟು ತುರ್ತು ಎಂದು ತೀರ್ಮಾನಿಸುವುದು ಅದನ್ನು ಓದಿಯೇ.